ಎರಡು ಹಗರಣಗಳ ಊರು

ಕೆಲವು ದಿನಗಳ ಹಿಂದೆ ಬಿ.ಎ. ತರಗತಿಯಲ್ಲಿ ಜಾನಪದದ ಪಾಠ ನಡೆದಿತ್ತು. ಉತ್ತರ ಕನ್ನಡದ ಸುಗ್ಗಿಯ ಮಾತು ಬಂದಾಗ, “ಅಂಕೋಲೆಯ ಕಡೆ ಸುಗ್ಗಿಯ ಕೊನೆಗೆ ಹಗರಣ ನಡೆಯುತ್ತದೆ; ಜನ ಮಕ್ಕಳುಮರಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ” ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಅಂಕೋಲೆಯಲ್ಲಿ ನಡೆದದ್ದು ಅದಿರಿನ ಹಗರಣವಲ್ಲವೇ? ಅದನ್ನು ನೋಡಲು ಮಕ್ಕಳನ್ನೇಕೆ ಕರೆದುಕೊಂಡು ಹೋಗಬೇಕು?” ಎಂದು ಕೇಳಿದ.

ಹುಡುಗನ ತಪ್ಪೇನೂ ಇಲ್ಲ. ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರಿನಿಂದ, ಸರ್ಕಾರ ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಕಬ್ಬಿಣದ ಅದಿರು ಮಾಯವಾದ ಸುದ್ದಿ 2010ರಲ್ಲಿ ನಾಡನ್ನೆಲ್ಲ ಸುತ್ತಿತು. 2024ರಲ್ಲಿ ವಿಶೇಷ ನ್ಯಾಯಾಲಯದ ತೀರ್ಪು ಬಂದಾಗ ಮತ್ತೊಮ್ಮೆ ಪತ್ರಿಕೆಗಳ ಮುಖಪುಟಕ್ಕೆ ಏರಿತು. ಇಪ್ಪತ್ತು ವರ್ಷದ ಹುಡುಗನ ಕಿವಿಗೆ ‘ಹಗರಣ’ವೆಂದರೆ ಅದೇ: ದೊಡ್ಡವರು ನುಂಗಿದ್ದು, ಸಣ್ಣವರು ಓದಿದ್ದು. ಅದೇ ತಾಲ್ಲೂಕಿನಲ್ಲಿ, ಅದೇ ಮಾತಿಗೆ, ಇನ್ನೊಂದು ಅರ್ಥ ಇನ್ನೂ ಉಸಿರಾಡುತ್ತಿದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅಂದು ನಾನು ಮೇಷ್ಟರ ಚಾಳಿಯಂತೆ ಕರಿಹಲಗೆಯ ಮೇಲೆ ಶಬ್ದದ ವಂಶಾವಳಿಯನ್ನು ಬರೆದು ಪಾರಾದೆ. ಸಂಸ್ಕೃತದ ‘ಪ್ರಕರಣ’ ಕನ್ನಡಕ್ಕೆ ಇಳಿದು ‘ಪಗರಣ’ವಾಯಿತು, ಪಕಾರ ಹಕಾರವಾಗಿ ‘ಹಗರಣ’ವಾಯಿತು. ನಾಟ್ಯಶಾಸ್ತ್ರದಲ್ಲಿ ಪ್ರಕರಣವೆಂದರೆ ದಶರೂಪಕಗಳಲ್ಲೊಂದು. ಅದರ ಕಥೆ ಪುರಾಣದ್ದಲ್ಲ, ಕವಿ ಕಲ್ಪಿಸಿದ್ದು. ಅದರ ನಾಯಕ ದೇವರೂ ಅಲ್ಲ, ರಾಜನೂ ಅಲ್ಲ, ನಮ್ಮ ನಿಮ್ಮಂತೆ ಬೀದಿಯಲ್ಲಿ ಓಡಾಡುವವನು. ಶೂದ್ರಕನ ‘ಮೃಚ್ಛಕಟಿಕ’ ಈ ಜಾತಿಯ ನಾಟಕ. ಕನ್ನಡದ ಬಾಯಲ್ಲಿ ಅದು ಇನ್ನೂ ಕೆಳಗಿಳಿದು, ವೇಷ ಹಾಕಿ ಆಡುವ ನಗೆಯಾಟವಾಯಿತು, ಅಣಕವಾಯಿತು. ಕೊನೆಗೆ ಪತ್ರಿಕೆಗಳ ಕೈಗೆ ಸಿಕ್ಕು ಲೂಟಿಯ ಹೆಸರಾಯಿತು. ಮೂಲದ ‘ಪ್ರಕರಣ’ವೂ ಈಗ ಪೊಲೀಸ್ ಠಾಣೆಯನ್ನೇ ಸೇರಿದೆಯೆಂಬುದನ್ನು ನೆನೆದರೆ, ಶಬ್ದಗಳಿಗೂ ಗ್ರಹಚಾರವಿರುತ್ತದೆ ಎನ್ನಬೇಕು.

ತರಗತಿಯೇನೋ ಮುಗಿಯಿತು; ಹುಡುಗನ ಪ್ರಶ್ನೆ ಮುಗಿಯಲಿಲ್ಲ. ಒಂದು ಕಡಲೂರಿನ ದಿನದಿನದ ಆಗುಹೋಗುಗಳು ಸಾಹಿತ್ಯವಾಗುವುದು ಯಾವಾಗ? ಅವನ್ನು ಸಾಹಿತ್ಯವೆಂದು ಗುರುತಿಸಲು ನಮ್ಮ ವಿಮರ್ಶೆಯ ಬಳಿ ಅಳತೆಗೋಲು ಇದೆಯೇ? ಈ ಲೇಖನ ಅವನಿಗೆ ನಾನು ಕೊಡಬೇಕಾಗಿದ್ದ ಉತ್ತರ.

ಅಂಕೋಲೆಯನ್ನು ನಗರದ ಓದುಗರು ಬಲ್ಲದ್ದು ಹೆದ್ದಾರಿಯ ಮೇಲಿನ ಒಂದು ಊರಾಗಿ, ಇಲ್ಲವೆ ಕಡಲತೀರಗಳ ಊರಾಗಿ. ಕಾರವಾರಕ್ಕೂ ಕುಮಟೆಗೂ ನಡುವೆ ಇರುವ ಈ ತಾಲ್ಲೂಕಿನಲ್ಲಿ ಬೇಲೆಕೇರಿ, ಕೇಣಿ, ಬೆಳಂಬಾರ, ನದಿಬಾಗಗಳ ಮರಳದಂಡೆಗಳಿವೆ. ಗಂಗಾವಳಿ ನದಿ ಕಡಲು ಸೇರುವ ಅಳಿವೆಯಿದೆ. ರಜೆಯಲ್ಲಿ ಬಂದವರು ಸೂರ್ಯಾಸ್ತ ನೋಡಿ, ಮೀನಿನ ಊಟ ಮಾಡಿ, ಫೋಟೋ ತೆಗೆದುಕೊಂಡು ಹೊರಡುತ್ತಾರೆ. ಅವರ ಪಾಲಿಗೆ ಅಲ್ಲಿ ಏನೂ ‘ನಡೆಯುವುದಿಲ್ಲ’; ಅಲೆ ಬರುತ್ತದೆ, ಹೋಗುತ್ತದೆ, ಅಷ್ಟೆ.

ಊರಿನವರ ಪಂಚಾಂಗವೇ ಬೇರೆ. ಫಾಲ್ಗುಣದಲ್ಲಿ ಸುಗ್ಗಿ. ವೈಶಾಖದ ಹುಣ್ಣಿಮೆಗೆ ಶಾಂತಾದುರ್ಗೆಯ ಬಂಡಿಹಬ್ಬ. ಅದೇ ಕಾಲಕ್ಕೆ ಸಂತೆಗೆ ಬಂದಿಳಿಯುವ ಕರಿ ಈಶಾಡು ಮಾವಿನ ಹಣ್ಣು. 2023ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ಬಿದ್ದದ್ದು ಅದಕ್ಕೆ ಹೊಸ ರುಚಿ ಕೊಟ್ಟಿಲ್ಲ, ಹೊಸ ಹೆಮ್ಮೆ ಕೊಟ್ಟಿದೆ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳು ದಡ ಹತ್ತಿ ಕೂತಾಗ ಬಲೆ ಹೆಣೆಯುವ ಕೆಲಸ, ಅದರ ಜೊತೆಗೆ ವರುಷದ ಹರಟೆಯೆಲ್ಲ. ಶ್ರಾವಣದ ನೂಲುಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ. ಚಳಿಗಾಲದಲ್ಲಿ ಕೊಯ್ದ ಗದ್ದೆಯಲ್ಲಿ ಯಕ್ಷಗಾನ. ಇವುಗಳಲ್ಲಿ ದೇವರ ಹೆಸರಿನವು ಕೆಲವು, ಹೊಟ್ಟೆಯ ಹೆಸರಿನವು ಕೆಲವು. ಆದರೆ ಊರು ತನ್ನ ಮುಖವನ್ನು ತಾನೇ ನೋಡಿಕೊಳ್ಳುವುದು ಸುಗ್ಗಿಯಲ್ಲಿ.

ಸುಗ್ಗಿಯನ್ನು ಮುಖ್ಯವಾಗಿ ಆಡುವವರು ಹಾಲಕ್ಕಿ ಒಕ್ಕಲಿಗರು; ಬೇರೆ ಕೆಲವು ಸಮುದಾಯದವರೂ ಉಂಟು. ತಲೆಯ ಮೇಲೆ ಬಣ್ಣದ ತುರಾಯಿ, ಕೈಯಲ್ಲಿ ಕೋಲು, ನವಿಲುಗರಿಯ ಕುಂಚ. ಗುಮಟೆಯ ನಾದಕ್ಕೆ ಮನೆಮನೆಯ ಅಂಗಳದಲ್ಲಿ ಸುತ್ತುಗಟ್ಟಿ ಕುಣಿಯುತ್ತಾರೆ. ಬೆಳಂಬಾರದ ತಂಡಕ್ಕೆ ಅಂಕೋಲೆಯ ತಾಲ್ಲೂಕು ಕಚೇರಿಯ ಎದುರಿಗೂ ಕುಣಿಯುವ ವಾಡಿಕೆಯಿದೆ. ಕುಣಿತದ ಚೆಲುವನ್ನು ಕುರಿತು ಜಾನಪದ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ನಾನು ಹೇಳಹೊರಟಿರುವುದು ಕುಣಿತದ ಬೆನ್ನಿಗೆ ಬರುವ ಹಗರಣವನ್ನು ಕುರಿತು. ಅದಕ್ಕೆ ಬರೆದಿಟ್ಟ ಮಾತಿಲ್ಲ, ರಂಗವಿಲ್ಲ, ತೆರೆಯಿಲ್ಲ. ಆ ವರುಷ ಊರಿನಲ್ಲಿ ನಡೆದ ಯಾವುದೋ ಸಂಗತಿಯನ್ನು ನಾಲ್ಕು ಜನ ಎತ್ತಿಕೊಂಡು, ಹರಕು ಕೋಟು, ಸೀರೆ, ಮಸಿ, ಮೊರ, ಮಡಕೆ, ಸಿಕ್ಕಿದ್ದನ್ನೇ ವೇಷವಾಗಿಸಿಕೊಂಡು ಆಡಿ ತೋರಿಸುತ್ತಾರೆ. ಹತ್ತು ನಿಮಿಷದ ಆಟ. ಮುಗಿದ ಮೇಲೆ ಮುಂದಿನ ಮನೆ.

ನನ್ನ ತಾಯಿಯ ತವರು ಆ ತಾಲ್ಲೂಕಿನ ಒಂದು ಹಳ್ಳಿ. ನಾನು ಎಂಟೊಂಬತ್ತು ವರ್ಷದವನಿದ್ದಾಗ ಕಂಡ ಹಗರಣವೊಂದು ಇಂದಿಗೂ ಕಣ್ಣಿಗೆ ಕಟ್ಟಿದೆ. ಆ ವರುಷ ನನ್ನ ಅಜ್ಜ ತನ್ನ ತೋಟದ ಸುತ್ತ ಹೊಸ ಬೇಲಿ ಹಾಕಿಸಿದ್ದ. ಕೇರಿಯ ಹೆಂಗಸರು ಬಾವಿಗೆ ಹೋಗುವ ಕಾಲುದಾರಿ ಆ ತೋಟದ ಒಳಗಿನಿಂದ ಹಾದುಹೋಗುತ್ತಿತ್ತು. ಬೇಲಿ ಬಂದ ಮೇಲೆ ಅವರು ಗದ್ದೆಯ ಅಂಚನ್ನೆಲ್ಲ ಸುತ್ತಿ ಹೋಗಬೇಕಾಯಿತು. ಯಾರೂ ಜಗಳಕ್ಕೆ ಬರಲಿಲ್ಲ; ಒಡೆಯರ ಮನೆ.

ಸುಗ್ಗಿಯ ತಂಡ ನಮ್ಮ ಅಂಗಳಕ್ಕೆ ಬಂತು. ಕುಣಿತವಾಯಿತು. ಆಮೇಲೆ ಇಬ್ಬರು ಎರಡು ಕೋಲುಗಳನ್ನು ಅಡ್ಡ ಹಿಡಿದು ನಿಂತರು, ಅದು ಬೇಲಿ. ಒಬ್ಬ ಅಜ್ಜನ ಹಾಗೆಯೇ ಹೆಗಲ ಮೇಲೆ ಮಡಿಸಿದ ಪಂಚೆ ಹಾಕಿಕೊಂಡು, ಅಜ್ಜನ ಹಾಗೆಯೇ ಗಂಟಲು ಸರಿಮಾಡಿಕೊಳ್ಳುತ್ತ ಬೇಲಿಯ ಪಕ್ಕ ಕೂತ. ಇನ್ನೊಬ್ಬ ಸೀರೆಯುಟ್ಟು, ತಲೆಯ ಮೇಲೆ ಕೊಡ ಹೊತ್ತು ಅಂಗಳವನ್ನು ಸುತ್ತತೊಡಗಿದ. ಒಂದು ಸುತ್ತು, ಎರಡು ಸುತ್ತು, ಐದು ಸುತ್ತು. ಸುತ್ತಿದಷ್ಟೂ ಸೊಂಟ ಬಾಗುತ್ತ ಬಂತು, ಕೊನೆಗೆ ಮುದುಕಿಯಾಗಿ ಕೋಲೂರಿಕೊಂಡು ಸುತ್ತಿದ. ಬೇಲಿಯ ಪಕ್ಕ ಕೂತವನು ಮಾತ್ರ ಪ್ರತಿ ಸುತ್ತಿಗೂ ತನ್ನ ತೆಂಗಿನಕಾಯಿಗಳನ್ನು ಒಂದರಿಂದ ಎಣಿಸುತ್ತಿದ್ದ. ಮಾತೇ ಇರಲಿಲ್ಲ. ನೆರೆದ ಜನ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನನಗೆ ಅಳು ಬಂತು. ಅಜ್ಜಿ ನನ್ನ ತಲೆ ಸವರಿ, “ಸುಗ್ಗಿ ದಿನ ಸಿಟ್ಟು ಮಾಡೂಕಾಗ, ತಮಾ” ಎಂದಳು. ಅಕ್ಕಿ, ಕಾಯಿ, ದುಡ್ಡು ತಂದು ತಂಡಕ್ಕೆ ಕೊಟ್ಟಳು. ಅಜ್ಜ ಏನೂ ಮಾತಾಡದೆ ಒಳಗೆ ಹೋದ.

ಮಳೆಗಾಲಕ್ಕೆ ಮುಂಚೆ ಆ ಬೇಲಿಯಲ್ಲಿ ಎರಡು ಕಡೆ ದಣಪೆ ಬಂದವು. ಅದಕ್ಕೂ ಹಗರಣಕ್ಕೂ ಸಂಬಂಧವಿದೆಯೆಂದು ಅಜ್ಜ ಸಾಯುವ ತನಕ ಒಪ್ಪಲಿಲ್ಲ. ದನ ಹೊಡೆಯಲು ಅನುಕೂಲವೆಂದು ಮಾಡಿಸಿದೆ ಎನ್ನುತ್ತಿದ್ದ.

ಮುಂದೆ ಎಂ.ಎ. ತರಗತಿಯಲ್ಲಿ ವಿಡಂಬನೆ, ವ್ಯಂಗ್ಯ, ಧ್ವನಿ ಎಂಬ ಮಾತುಗಳನ್ನು ಕಲಿತೆ. ಕಲಿತಾಗಲೆಲ್ಲ ಆ ಕೊಡ ಹೊತ್ತ ವೇಷ ಕಣ್ಣ ಮುಂದೆ ಸುತ್ತುತ್ತಿತ್ತು. ಸುತ್ತು ಹೆಚ್ಚಿದಂತೆ ವಯಸ್ಸು ಹೆಚ್ಚುವ ಆ ಉಪಾಯವನ್ನು ಯಾವ ಪಂಡಿತ ಹೇಳಿಕೊಟ್ಟಿದ್ದ? ಒಂದು ಕಾಲುದಾರಿಯ ಜಗಳವನ್ನು ಒಂದು ಹೆಣ್ಣಿನ ಆಯುಷ್ಯದ ಲೆಕ್ಕವಾಗಿ ಮಾಡಿದ್ದು ಕಾವ್ಯದ ಕೆಲಸವಲ್ಲದೆ ಮತ್ತೇನು? ಆದರೂ ಇದನ್ನು ನಮ್ಮ ಸಾಹಿತ್ಯ ಚರಿತ್ರೆಯ ಯಾವ ಪುಟಕ್ಕೆ ಸೇರಿಸುವುದು? ಕುಣಿತವನ್ನು ಜಾನಪದದ ಅಧ್ಯಾಯಕ್ಕೆ ಸೇರಿಸಿದ್ದೇವೆ. ಹಾಡನ್ನು ಸಂಗ್ರಹಿಸಿ ಅಚ್ಚು ಹಾಕಿದ್ದೇವೆ. ಹಗರಣ ಮಾತ್ರ ಎರಡರಿಂದಲೂ ಜಾರಿಹೋಗಿದೆ. ಕಾರಣ ಸ್ಪಷ್ಟ. ಅದು ಒಂದು ವರುಷದ್ದು, ಒಂದು ಊರಿನದು. ಮರುವರುಷಕ್ಕೆ ಅದು ಹಳಸಿತು; ಪಕ್ಕದೂರಿಗೆ ಅದು ತಿಳಿಯದು. ಶಾಶ್ವತವಾದದ್ದೇ ಶ್ರೇಷ್ಠವೆಂದು ಬಗೆಯುವ ನಮಗೆ ಹಳಸುವ ಸಾಹಿತ್ಯವನ್ನು ಏನು ಮಾಡಬೇಕೆಂದು ತೋಚುವುದಿಲ್ಲ. ಅನ್ನವೂ ಹಳಸುತ್ತದೆ, ಅದಕ್ಕಾಗಿ ಯಾರೂ ಅನ್ನವನ್ನು ಕೀಳೆನ್ನುವುದಿಲ್ಲ.

ಕಡಲತೀರವನ್ನು ಕಂಡ ಹೊರಗಿನ ಕವಿಗಳಲ್ಲಿ ಬಹಳ ದೊಡ್ಡವರು ರವೀಂದ್ರನಾಥ ಠಾಕೂರರು. 1883ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಅವರು ಕಾರವಾರಕ್ಕೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಆಗ ಅಲ್ಲಿ ನ್ಯಾಯಾಧೀಶರು. ಆ ಕಡಲು, ಕಾಳಿ ನದಿ, ಬೆಳುದಿಂಗಳು ಇವುಗಳ ನೆನಪನ್ನು ಅವರು ತಮ್ಮ ‘ಜೀವನಸ್ಮೃತಿ’ಯಲ್ಲಿ ಬರೆದಿಟ್ಟಿದ್ದಾರೆ. ನಮ್ಮವರು ಕಾರವಾರದ ಕಡಲತೀರಕ್ಕೆ ಅವರ ಹೆಸರನ್ನಿಟ್ಟು ಕೃತಜ್ಞತೆ ತೋರಿಸಿದ್ದಾರೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಅವರು ಅಲ್ಲಿ ಬರೆದ ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕದ ವಸ್ತುವನ್ನು ನಾವು ಸಾಕಷ್ಟು ಗಮನಿಸಿದಂತಿಲ್ಲ. ಅದರಲ್ಲಿ ಒಂದು ಕಡೆ ಲೋಕವನ್ನು ಗೆದ್ದೆನೆಂದು ಬೀಗುವ ಸಂನ್ಯಾಸಿ. ಇನ್ನೊಂದು ಕಡೆ ದಾರಿಯಲ್ಲಿ ಹೋಗಿಬರುವ ಜನ, ಅವರ ಕ್ಷುಲ್ಲಕ ಮಾತು, ಗದ್ದಲ. ಅನಾಥೆಯಾದ ಪುಟ್ಟ ಹುಡುಗಿಯೊಬ್ಬಳ ಪ್ರೀತಿ ಆ ಸಂನ್ಯಾಸಿಯನ್ನು ಮರಳಿ ಲೋಕಕ್ಕೆ ಎಳೆದು ತರುತ್ತದೆ. ಸೀಮೆಯ ಒಳಗೇ ಅಸೀಮವಿದೆಯೆಂಬುದು ತಮ್ಮ ಬರಹದ ಮುಖ್ಯ ಎಳೆಯೆಂದು ಕವಿ ಮುಂದೆ ಕಂಡುಕೊಂಡದ್ದು ಈ ನಾಟಕದ ನೆನಪಿನೊಡನೆಯೇ. ಕಾರವಾರದ ದಂಡೆಯಲ್ಲಿ ಕೂತ ತರುಣ ಕವಿಗೆ ಅನಂತವಾದ ಕಡಲೊಂದೇ ಸಾಲಲಿಲ್ಲ. ಬೀದಿಯ ಹರಟೆಯೂ ಬೇಕಾಯಿತು. ನಾವು ಅವರ ಕಡಲನ್ನು ಇಟ್ಟುಕೊಂಡು ಬೀದಿಯನ್ನು ಬಿಟ್ಟೆವು. ನಮ್ಮ ಕವಿತೆಗಳಲ್ಲಿ ಕಡಲು ಒಮ್ಮೆ ಅನಂತದ ಸಂಕೇತವಾಯಿತು, ಮತ್ತೊಮ್ಮೆ ಒಂಟಿತನದ ಸಂಕೇತವಾಯಿತು. ಕಡಲ ಪಕ್ಕದ ಬಾವಿಗೆ ಹೋಗುವ ಕಾಲುದಾರಿ ಯಾವುದರ ಸಂಕೇತವೂ ಆಗಲಿಲ್ಲ.

ಈ ಮಾತಿಗೆ ದೊಡ್ಡ ಅಪವಾದವೊಂದಿದೆ. ಅದು ಅಂಕೋಲೆಯದೇ: ದಿನಕರ ದೇಸಾಯಿ. 1909ರಲ್ಲಿ ಹುಟ್ಟಿ 1982ರಲ್ಲಿ ತೀರಿಕೊಂಡ ಈ ಕವಿಯನ್ನು ನಾವು ‘ಚುಟುಕಬ್ರಹ್ಮ’ನೆಂದು ಕರೆದು, ಗೌರವದಿಂದಲೇ ಬದಿಗಿಟ್ಟಿದ್ದೇವೆ. ಮುಂಬಯಿಯಲ್ಲಿ ಭಾರತ ಸೇವಕ ಸಮಾಜದ ಸದಸ್ಯರಾಗಿ ಹಡಗುಕೂಲಿಗಳ ನಡುವೆ ದುಡಿದವರು. ಭಾರತದ ನಾವಿಕರ ದುಡಿಮೆಯನ್ನು ಕುರಿತು 1940ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದವರು. ಜಿಲ್ಲೆಯ ಗೇಣಿದಾರರನ್ನು ರೈತಕೂಟದಲ್ಲಿ ಒಗ್ಗೂಡಿಸಿದ್ದಕ್ಕೆ ಗಡೀಪಾರಿನ ಶಿಕ್ಷೆ ಉಂಡವರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಕಟ್ಟಿ ಹಳ್ಳಿಹಳ್ಳಿಗೆ ಶಾಲೆ ತಂದರು. ‘ಜನಸೇವಕ’ ವಾರಪತ್ರಿಕೆ ನಡೆಸಿದರು. 1967ರಲ್ಲಿ ಲೋಕಸಭೆಗೆ ಆರಿಸಿ ಬಂದರು. ಇಷ್ಟೆಲ್ಲ ಕೆಲಸದ ನಡುವೆ ನಾಲ್ಕು ಸಾಲಿಗಿಂತ ಹೆಚ್ಚು ಬರೆಯಲು ಪುರುಸೊತ್ತು ಸಿಗಲಿಲ್ಲವೇನೋ ಎಂದು ತಮಾಷೆ ಮಾಡಬಹುದು. ನನ್ನ ಎಣಿಕೆ ಬೇರೆ. ಅವರ ಚೌಪದಿ ಹಗರಣದ ಅಚ್ಚಿನಲ್ಲೇ ಎರಕ ಹೊಯ್ದದ್ದು.

ಚೌಪದಿಯ ನಡಿಗೆಯನ್ನು ನೋಡಿರಿ. ಎರಡೆರಡು ಸಾಲಿಗೆ ಪ್ರಾಸ. ಮೊದಲ ಎರಡು ಸಾಲು ಸುದ್ದಿ: ಊರಲ್ಲಿ ಹೀಗಾಯಿತು, ಪೇಟೆಯಲ್ಲಿ ಹಾಗಾಯಿತು, ಮಂತ್ರಿ ಬಂದ, ಬೆಲೆ ಏರಿತು. ಮೂರನೆಯ ಸಾಲಿನಲ್ಲಿ ಕವಿ ಮೆಲ್ಲಗೆ ಮಗ್ಗುಲು ಬದಲಿಸುತ್ತಾನೆ. ನಾಲ್ಕನೆಯದರಲ್ಲಿ ಏಟು ಬಿದ್ದಿರುತ್ತದೆ. ಬಿದ್ದದ್ದು ಯಾರಿಗೆಂದು ಓದುಗ ತಿರುಗಿ ನೋಡುವಷ್ಟರಲ್ಲಿ ಕವಿ ಮುಂದಿನ ಮನೆಯ ಅಂಗಳದಲ್ಲಿರುತ್ತಾನೆ. ವಿವರಣೆಯಿಲ್ಲ, ಉಪದೇಶವಿಲ್ಲ, ತಿರುಗಿ ಬಂದು ‘ತಿಳಿಯಿತೇ?’ ಎಂದು ಕೇಳುವ ಚಾಳಿಯಿಲ್ಲ. ಎಷ್ಟೋ ಸಲ ಏಟು ಕವಿಯ ಮೈಮೇಲೇ ಬೀಳುತ್ತದೆ. ತನ್ನನ್ನು ತಾನು ಗೇಲಿ ಮಾಡಿಕೊಳ್ಳುವ ಧೈರ್ಯ ಕನ್ನಡದಲ್ಲಿ ಇವರಷ್ಟು ಧಾರಾಳವಾಗಿ ಇದ್ದವರು ಕಡಿಮೆ. ಗುಣದ ಜೊತೆಗೆ ದೋಷವನ್ನೂ ಹೇಳಬೇಕು. ಅವರ ಚೌಪದಿಗಳೆಲ್ಲ ಒಂದೇ ತೂಕದವಲ್ಲ. ಕೆಲವು ಕಡೆ ಪ್ರಾಸ ಮುಂದೆ ಓಡಿ ಅರ್ಥ ಹಿಂದೆ ಏದುಸಿರು ಬಿಡುತ್ತದೆ. ಕೆಲವು ಅಂದಿನ ಸುದ್ದಿ ಮರೆತವರಿಗೆ ಇಂದು ಸಪ್ಪೆ. ಆದರೆ ಹಳಸಲು ಹೆದರದೆ ಬರೆಯುವುದೇ ಈ ಜಾತಿಯ ಬರಹದ ಮರ್ಯಾದೆ. ತನ್ನ ದೇಹದ ಬೂದಿಯೂ ಭತ್ತದ ಗದ್ದೆಗೆ ಬಿದ್ದು ಉಪಯೋಗಕ್ಕೆ ಬರಲೆಂದು ಹಾಡಿದ ಕವಿ, ತನ್ನ ಪದ್ಯ ಮಾತ್ರ ಚಿರಾಯುವಾಗಲೆಂದು ಬಯಸುವುದು ಹೇಗೆ?

ಇಲ್ಲಿಗೆ ಒಂದು ಆಕ್ಷೇಪ ಏಳುತ್ತದೆ, ಏಳಬೇಕು. ಊರು ಆಡಿಕೊಳ್ಳುವುದೆಲ್ಲ ಒಳ್ಳೆಯದೇ? ಸಣ್ಣ ಊರಿನ ನಾಲಗೆಗೆ ಸಿಕ್ಕು ಹಾಳಾದವರ ಲೆಕ್ಕ ಇಟ್ಟವರು ಯಾರು? ಈ ಪ್ರಶ್ನೆಯನ್ನು ನಮ್ಮಲ್ಲಿ ನಿಷ್ಠುರವಾಗಿ ಎತ್ತಿದವರು ಅಂಕೋಲೆಯ ನೆರೆಯವರೇ ಆದ, ಗೋಕರ್ಣದ ಬಳಿಯ ಹನೇಹಳ್ಳಿಯ ಯಶವಂತ ಚಿತ್ತಾಲರು. ಮುಂಬಯಿಯಲ್ಲಿ ಬಾಳಿದರೂ ಹನೇಹಳ್ಳಿಯನ್ನು ಬಿಡದ ಈ ಕಥೆಗಾರರ ಮೊದಲ ಕಾದಂಬರಿ ‘ಮೂರು ದಾರಿಗಳು’ 1964ರಲ್ಲಿ ಬಂತು. 1981ರಲ್ಲಿ ಗಿರೀಶ ಕಾಸರವಳ್ಳಿಯವರು ಅದನ್ನು ಚಲನಚಿತ್ರ ಮಾಡಿದರು. ಒಬ್ಬ ಹುಡುಗಿಯ ಮೇಲೆ ಬಂದ ಅಪವಾದವನ್ನು ಊರು ಬಾಯಿಂದ ಬಾಯಿಗೆ ದಾಟಿಸುತ್ತ ಹೋಗಿ, ಅವಳ ಬಾಳನ್ನೇ ನುಂಗಿಬಿಡುವ ಕಥೆ ಅದು. ಅದನ್ನು ಓದಿದ ಮೇಲೆ ‘ಊರವರ ನಗು’ ಎಂಬ ಮಾತನ್ನು ಅಷ್ಟು ಹಗುರಾಗಿ ಆಡಲಾಗುವುದಿಲ್ಲ.

ಹಾಗಾದರೆ ಹಗರಣಕ್ಕೂ ಅಪವಾದಕ್ಕೂ ಭೇದವೇನು? ನನಗೆ ತೋರುವ ಭೇದ ಎರಡು. ಹಗರಣ ಎದುರಿಗೆ ಆಡುವಂಥದು. ಅಪವಾದ ಬೆನ್ನ ಹಿಂದೆ. ನನ್ನ ಅಜ್ಜನ ಅಣಕ ನಡೆದದ್ದು ಅಜ್ಜನ ಅಂಗಳದಲ್ಲಿ, ಅಜ್ಜನ ಕಣ್ಣೆದುರಿಗೆ, ಆಡಿದವರ ಮುಖ ಅಜ್ಜನಿಗೆ ಕಾಣುತ್ತಿದ್ದಾಗ. ಎರಡನೆಯದು ಇನ್ನೂ ಮುಖ್ಯ. ಹಗರಣದ ನಗೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ: ಒಕ್ಕಲಿನಿಂದ ಒಡೆಯನಿಗೆ, ಬೀದಿಯಿಂದ ಕಚೇರಿಗೆ. ಅಪವಾದದ ನಾಲಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ತಿರುಗಿ ಮಾತಾಡಲಾರದವರ ಮೇಲೇ ಬೀಳುತ್ತದೆ. ಇದು ಎಲ್ಲ ಹಗರಣಕ್ಕೂ ಅನ್ವಯಿಸುವ ಶಾಸ್ತ್ರವೆಂದು ನಾನು ವಾದಿಸುವುದಿಲ್ಲ. ವೇಷದ ಮರೆಯಲ್ಲಿ ಬಡವರನ್ನೂ ಹೆಂಗಸರನ್ನೂ ಕೆಣಕಿದ್ದು ನಡೆದಿರಲಾರದು ಎನ್ನಲು ನಾನು ಯಾರು? ನಾನು ಹೇಳುವುದಿಷ್ಟೆ: ಹಗರಣವನ್ನು ತೂಗಲು ತಕ್ಕಡಿ ಇದು. ಇಂದಿನ ಚುಟುಕದ ಸ್ಪರ್ಧೆಗಳಲ್ಲಿ ಹೆಂಡತಿಯನ್ನೂ ಅತ್ತೆಯನ್ನೂ ಗೇಲಿ ಮಾಡಿ ಚಪ್ಪಾಳೆ ಗಿಟ್ಟಿಸುವವರನ್ನು ಕೇಳಿದಾಗ, ದೇಸಾಯಿಯವರ ನಾಲ್ಕು ಸಾಲು ಉಳಿದು ಅವರ ನಗೆಯ ದಿಕ್ಕು ತಪ್ಪಿತೆಂದು ತಿಳಿಯುವುದೂ ಈ ತಕ್ಕಡಿಯಿಂದಲೇ.

ಅಂಕೋಲೆಯ ಚರಿತ್ರೆಯನ್ನು ಈ ಕಣ್ಣಿನಿಂದ ನೋಡಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. 1930ರ ಏಪ್ರಿಲ್ 13ರಂದು ಇಲ್ಲಿ, ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ, ಸಾವಿರಾರು ಜನರ ಎದುರಿಗೆ ಉಪ್ಪಿನ ಕಾಯಿದೆಯನ್ನು ಮುರಿದರು. ಮುಂದೆ ಕರನಿರಾಕರಣೆಗೂ ಇಳಿದು, ತಾಲ್ಲೂಕು ‘ಕರ್ನಾಟಕದ ಬಾರ್ಡೋಲಿ’ ಎನಿಸಿಕೊಂಡಿತು. ರೈತರು ಹೊಲ ಮನೆ ಕಳೆದುಕೊಂಡ ಆ ಹೋರಾಟದ ಮೂಲ ಗಾಂಧೀಜಿಯ ಪ್ರಭಾವದಲ್ಲಿದೆ, ನಿಜ. ಆದರೂ ದೊರೆಯ ಎದುರಿಗೆ ನಿಂತು, ಮುಖ ಮುಚ್ಚಿಕೊಳ್ಳದೆ, ಹಬ್ಬದ ಹಾಗೆ ನೆರೆದು, ಒಂದು ಹಿಡಿ ಉಪ್ಪಿನಿಂದ ಸಾಮ್ರಾಜ್ಯವನ್ನು ಅಣಕಿಸುವುದು, ವರುಷವರುಷ ಸುಗ್ಗಿ ಆಡಿದ ಜನಕ್ಕೆ ತೀರ ಹೊಸದಾಗಿ ಕಂಡಿರಲಾರದು. ಇದನ್ನು ಚರಿತ್ರಕಾರರು ಒಪ್ಪದಿದ್ದರೆ ಸಾಹಿತ್ಯದ ಮೇಷ್ಟರ ಊಹೆಯೆಂದು ಮನ್ನಿಸಲಿ.

ಕಳೆದ ವರುಷ ಕರಾವಳಿಯ ಒಂದು ಉತ್ಸವಕ್ಕೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೆ. ಯಾವ ಉತ್ಸವ, ಯಾರು ನಡೆಸಿದ್ದು ಎಂಬುದು ಬೇಡ. ಎಲ್ಲ ಕಡೆಯ ಕಥೆಯೂ ಒಂದೇ. ಕಡಲದಂಡೆಯಲ್ಲಿ ಭಾರೀ ವೇದಿಕೆ, ಕಣ್ಣು ಕುಕ್ಕುವ ದೀಪ. ಒಂದು ಗಂಟೆ ಭಾಷಣವಾದ ಮೇಲೆ ಸುಗ್ಗಿಯ ತಂಡಕ್ಕೆ ಹತ್ತು ನಿಮಿಷ ಸಿಕ್ಕಿತು. ತುರಾಯಿಗಳು ದೀಪದಲ್ಲಿ ಬಹಳ ಚೆನ್ನಾಗಿ ಕಂಡವು. ನಿರೂಪಕರು “ನಮ್ಮ ಶ್ರೀಮಂತ ಸಂಸ್ಕೃತಿ” ಎಂದರು. ಕುಣಿತ ಮುಗಿಯಿತು; ತಂಡದವರು ಪ್ರಮಾಣಪತ್ರ ಹಿಡಿದು ಇಳಿದರು. ಹಗರಣ ಬರಲೇ ಇಲ್ಲ. ವೇದಿಕೆಯ ಹಿಂದೆ ತುರಾಯಿ ಬಿಚ್ಚುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ. ಅವರು ನಕ್ಕರು: “ಯಾರ ಹಗರಣ ಮಾಡೂದು ಮಾಸ್ತರೇ? ಎದುರಿಗೆ ಕೂತವರು ಗುರ್ತಿನವರಲ್ಲ. ಗುರ್ತಿನವರೆಲ್ಲ ಮೇಲೆ ಕೂತಿದ್ರು.”

ಈ ಎರಡು ವಾಕ್ಯಕ್ಕಿಂತ ಉತ್ತಮವಾದ ವಿಮರ್ಶೆಯನ್ನು ನಾನು ಇತ್ತೀಚೆಗೆ ಓದಿಲ್ಲ. ಉತ್ಸವ ಕುಣಿತವನ್ನು ಅಂಗಳದಿಂದ ಎತ್ತಿ ವೇದಿಕೆಗೆ ತಂದಾಗ, ತುರಾಯಿ ಬಂತು, ಗುಮಟೆ ಬಂತು, ನಾಲಗೆ ಮಾತ್ರ ಅಂಗಳದಲ್ಲೇ ಉಳಿಯಿತು. ಹಾಲಕ್ಕಿಗಳ ಹಾಡಿನ ಕಣಜವೆನಿಸಿದ್ದ, ಬಡಗೇರಿಯ ಸುಕ್ರಿ ಬೊಮ್ಮಗೌಡರ ವಿಷಯದಲ್ಲೂ ನಾವು ಇದೇ ತಪ್ಪು ಮಾಡಿದೆವೇನೋ. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ, 2025ರಲ್ಲಿ ಅವರು ತೀರಿಕೊಂಡಾಗ, ಕೊರಳ ತುಂಬ ಮಣಿಸರದ ಅವರ ಚಿತ್ರವನ್ನು ಎಲ್ಲರೂ ಅಚ್ಚು ಹಾಕಿದರು. ನೆನಪಿನಲ್ಲಿ ಎಷ್ಟು ಹಾಡಿದ್ದವೆಂದು ಎಣಿಸಿದರು. ಆ ಅಕ್ಷರ ಕಲಿಯದ ಅಜ್ಜಿ ಊರ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ಬೀದಿಗೆ ಇಳಿದದ್ದನ್ನು ಒಂದು ಸಾಲಿನಲ್ಲಿ ಮುಗಿಸಿದರು. ಹಾಡೂ ಹೋರಾಟವೂ ಒಂದೇ ಕಂಠದಿಂದ ಬಂದವೆಂಬುದು ನಮ್ಮ ಶ್ರದ್ಧಾಂಜಲಿಗಳಿಗೆ ಹೊಳೆಯಲಿಲ್ಲ.

ಇದು ಹಳೆಯದಕ್ಕಾಗಿ ಹಲುಬುವ ಮಾತೆಂದು ಯಾರೂ ತಿಳಿಯಬಾರದು. ಒಡೆಯ ಒಕ್ಕಲುಗಳ ಆ ಹಳೆಯ ಲೋಕ ತಿರುಗಿ ಬರುವುದು ಬೇಡ. 1974ರ ಭೂಸುಧಾರಣೆಯ ಕಾಯಿದೆ ಅದರ ಬೇರನ್ನು ಕಡಿದದ್ದು ಒಳ್ಳೆಯದೇ ಆಯಿತು. ಆದರೆ ಬೇಲಿ ಹಾಕುವವರು ಇಂದೂ ಇದ್ದಾರೆ. ಅವರ ಅಂಗಳ ಮಾತ್ರ ಊರಿನಲ್ಲಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು, ಮನೆ, ಅಂಗಡಿ, ಲಾರಿ, ಮನುಷ್ಯರು ಮಣ್ಣಿನ ಪಾಲಾದರು. ಗಂಗಾವಳಿ ಕೆಲವರನ್ನು ಒಯ್ದಿತು. ವಾರಗಟ್ಟಲೆ ಕ್ಯಾಮೆರಾಗಳು ಅಲ್ಲಿದ್ದವು. ಗುಡ್ಡವನ್ನು ಹೆದ್ದಾರಿಗಾಗಿ ಕಡಿದ ರೀತಿಯನ್ನು ಕುರಿತು ಪ್ರಶ್ನೆಗಳು ಎದ್ದವು. ಆಮೇಲೆ ಕ್ಯಾಮೆರಾಗಳು ಬೇರೆ ಸುದ್ದಿಗೆ ಹೋದವು. ಸಾವನ್ನು ಯಾರೂ ಹಗರಣ ಮಾಡುವುದಿಲ್ಲ; ಊರಿಗೆ ಆ ವಿವೇಕವಿದೆ. ಆದರೆ ಗುಡ್ಡ ಕಡಿದ ಕೈಯನ್ನು ಎದುರಿಗೆ ಕೂರಿಸಿಕೊಂಡು ಆಡಿ ತೋರಿಸುವ ಅಂಗಳ ಊರಿಗೆ ಎಲ್ಲಿದೆ? ಸುದ್ದಿ ಹೊರಗಿನವರ ಕೈಯಲ್ಲಿ ಹುಟ್ಟಿ ಹೊರಗಿನವರ ಕೈಯಲ್ಲೇ ಸತ್ತರೆ, ಊರಿಗೆ ಉಳಿಯುವುದು ನೋವು ಮಾತ್ರ, ಮಾತು ಉಳಿಯುವುದಿಲ್ಲ.

ಆದ್ದರಿಂದ ನನ್ನ ಸಹೋದ್ಯೋಗಿಗಳಾದ ವಿಮರ್ಶಕರಲ್ಲಿ ವಿನಂತಿ ಇಷ್ಟೆ. ಕಡಲೂರುಗಳ ಸಾಹಿತ್ಯವನ್ನು ತೂಗುವಾಗ ಅಲೆಯ ವರ್ಣನೆಯನ್ನು ಎಣಿಸಿದ್ದು ಸಾಕು. ಊರಿನ ಆಗುಹೋಗನ್ನು ಅದು ಯಾರ ಅಂಗಳದಲ್ಲಿ ನಿಂತು ಹೇಳುತ್ತದೆ, ಅದರ ನಗೆ ಯಾವ ದಿಕ್ಕಿಗೆ ಏರುತ್ತದೆ, ಕೇಳಿದವರು ಬೇಲಿಗೊಂದು ದಣಪೆಯನ್ನಾದರೂ ಇಡುವಂತಿದೆಯೇ ಎಂದು ಕೇಳೋಣ. ಹಗರಣವನ್ನು ಆಡಿದ ಊರಿನಲ್ಲೇ ಕೂತು ನೋಡಿ, ಬರೆದಿಡೋಣ. ಹಳಸುವುದಾದರೆ ನಮ್ಮ ಪುಟದಲ್ಲೇ ಹಳಸಲಿ.

ಮುಂದಿನ ಫಾಲ್ಗುಣಕ್ಕೆ ಆ ಹಿಂದಿನ ಬೆಂಚಿನ ಹುಡುಗನನ್ನು ಅಂಕೋಲೆಗೆ ಕರೆದೊಯ್ಯಬೇಕೆಂದಿದ್ದೇನೆ. ಅವನು ಪತ್ರಿಕೆಯಲ್ಲಿ ಓದಿದ ಹಗರಣವೂ ನಿಜ, ನಾನು ಅಂಗಳದಲ್ಲಿ ಕಂಡ ಹಗರಣವೂ ನಿಜ. ಎರಡನೆಯದನ್ನು ಆಡುವವರು ಇರುವ ತನಕ ಮೊದಲನೆಯದನ್ನು ಮಾಡುವವರಿಗೆ ಎಲ್ಲೋ ಸ್ವಲ್ಪ ಅಳುಕಿರುತ್ತದೆ. ಆಡುವವರು ನಿಂತುಹೋದ ದಿನ ನಿಘಂಟಿನಲ್ಲಿ ಆ ಶಬ್ದಕ್ಕೆ ಒಂದೇ ಅರ್ಥ ಉಳಿಯುತ್ತದೆ. ಆಗ ಹುಡುಗರು ನಗುವುದಿಲ್ಲ. ನಗುವುದಕ್ಕೆ ಏನೂ ಇರುವುದಿಲ್ಲ.